ಬಾಗಿಲು ಹಾಕಿ ಈಚೆ ಕೂರುವ ಹೊತ್ತು

ನಾನು ಸಮಾಧಿ ಕಲ್ಲಿಗೆ ಪಾಲಿಶ್ ಮಾಡುವವನು. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ನಮ್ಮ ಕಡೆಯ ಕರಿಕಲ್ಲು ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿ ಸತ್ತವರ ತಲೆಯ ಹತ್ತಿರ ನಿಲ್ಲುತ್ತದೆ. ನಾವು ಅದರ ಮೇಲೆ ಹೆಸರು ಕೆತ್ತುವುದಿಲ್ಲ, ಖಾಲಿ ಕಳಿಸುತ್ತೇವೆ. ಯಾರು ಸಾಯುತ್ತಾರೆ ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ.

ಪಾಲಿಶ್ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಒಂದೇ ದಾರಿ. ಮೇಲಿರುವ ಟ್ಯೂಬ್‌ಲೈಟು ಕಲ್ಲಿನೊಳಗೆ ನೆಟ್ಟಗೆ ಕಾಣಬೇಕು. ಅಂಕುಡೊಂಕಾಗಿ ಕಂಡರೆ ಮತ್ತೆ ಮೆಷಿನ್ನಿಗೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ನನ್ನ ಕೈ ದಾಟಿ ಹೋದ ಕಲ್ಲು ಇದುವರೆಗೆ ಒಂದೂ ವಾಪಸು ಬಂದಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಜಂಬ ಇದೆ, ಅದು ಬೇರೆ ವಿಷಯ.

ಹರದನಹಳ್ಳಿಯಲ್ಲಿ ನಮ್ಮ ಬೀದಿಯವನೇ ಆದ ನನ್ನ ಗೆಳೆಯನೂ ನನ್ನ ಪಕ್ಕದ ಮೆಷಿನ್ನಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ. ಅವನಿಗೆ ಕೆಲಸ ಕಲಿಸಿದವನು ನಾನು. ಅವನು ಟ್ಯೂಬ್‌ಲೈಟನ್ನು ನೋಡುತ್ತಿರಲಿಲ್ಲ. ಕಲ್ಲಿನ ಮೇಲಿನ ನೀರು ಒರೆಸಿ, ಬಗ್ಗಿ, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ.

"ಲೈಟ್ ನೋಡ್ಲಾ ಅಂದ್ರ ಕ್ರಾಪ್ ನೋಡ್ಕತೀಯಲ್ಲ, ಬಡ್ಡೈದ್ನೆ."

"ನನ್ ಮುಖ ಕಾಣ್ದೆ ಇರೋ ಕಲ್ಲ ಯಾವನ್ಲಾ ತಕ್ಕಂಡಾನು?"

ಅವನ ಕಲ್ಲುಗಳಲ್ಲಿ ಕೆಲವು ವಾಪಸು ಬಂದಿವೆ. ಸತ್ತವನ ಬಗ್ಗೆ ಸುಳ್ಳು ಬರೆಯಬಾರದು.

ಮುಂದಿನದು ಅರ್ಥವಾಗಬೇಕಾದರೆ ಎಡೆಯ ವಿಷಯ ಹೇಳಬೇಕು. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೇ ಎಲೆಯ ಮೇಲೆ ಬಡಿಸುತ್ತೇವೆ. ಬಾಡಿನ ಸಾರು, ಮುದ್ದೆ, ವಡೆ, ಒಂದು ಕಟ್ಟು ಬೀಡಿ, ಕೆಲವರಿಗೆ ಕ್ವಾರ್ಟರ್ ಬಾಟ್ಲಿ. ದೀಪ ಹಚ್ಚಿ, ಎಲ್ಲರೂ ಈಚೆ ಬಂದು, ಬಾಗಿಲು ಮುಚ್ಚುತ್ತೇವೆ. ನಾವು ನೋಡುತ್ತಾ ನಿಂತರೆ ಅವರು ತಿನ್ನುವುದಿಲ್ಲ. ಹತ್ತು ನಿಮಿಷ ಜಗುಲಿಯ ಮೇಲೆ ಕೂರುವುದು. ಆಮೇಲೆ ಮನೆಯ ಗಂಡಸು ಒಂದು ಸಲ ಕೆಮ್ಮುತ್ತಾನೆ, ನಾವು ಬರುತ್ತಿದ್ದೇವೆ, ಏಳಿ ಎನ್ನುವ ಹಾಗೆ. ಬಾಗಿಲು ತೆಗೆದು, ಆ ಎಡೆಯನ್ನೇ ನಾವು ಊಟ ಮಾಡುತ್ತೇವೆ.

ನನ್ನ ಗೆಳೆಯನಿಗೆ ಎಂಟು ವರ್ಷವಾಗಿದ್ದಾಗ ಅವನ ಅಪ್ಪ ತೀರಿಕೊಂಡ. ಆ ಮನೆಗೆ ಅವನೇ ಗಂಡಸು, ಆದ್ದರಿಂದ ಕೆಮ್ಮುವವನೂ ಅವನೇ. ನಮ್ಮ ಮನೆಯ ಎಡೆ ಮುಗಿಸಿಕೊಂಡು ನಾನು ಅವನ ಜಗುಲಿಗೆ ಹೋಗಿ ಕೂರುತ್ತಿದ್ದೆ, ಅವರ ಮನೆಯ ಸಾರು ಚೆನ್ನಾಗಿರುತ್ತಿತ್ತು. ಅವನಿಗೆ ಹಸಿವು ತಡೆಯುತ್ತಿರಲಿಲ್ಲ. ಬಾಗಿಲು ಮುಚ್ಚಿ ಎರಡು ನಿಮಿಷಕ್ಕೇ ಕೆಮ್ಮುತ್ತಿದ್ದ. ಅವನ ಅವ್ವ ತಲೆಗೆ ಒಂದು ಬಿಡುತ್ತಿದ್ದಳು.

"ನಿಮ್ಮಪ್ಪ ಇನ್ನೂವ ಕೈಯೇ ತೊಳ್ದಿಲ್ಲ ಕಣ್ಲಾ, ಆಗ್ಲೇ ಕೆಮ್ಮೀಯೆ!"

ಅವಳನ್ನು ನಾನೂ ಅವ್ವ ಎಂದೇ ಕರೆಯುತ್ತೇನೆ. ಅರಿಶಿನ ಬೇಯಿಸುವ ಕಡೆ ಕೂಲಿ ಮಾಡಿ ಅವನನ್ನು ಹತ್ತನೇ ಕ್ಲಾಸಿನವರೆಗೆ ಓದಿಸಿದಳು. ಅವನು ಹತ್ತನೇ ಕ್ಲಾಸಿನಲ್ಲಿ ಫೇಲಾದ. ಪಾಸಾಗಿದ್ದರೆ ನನ್ನ ಪಕ್ಕದ ಮೆಷಿನ್ನಿಗೆ ಬರುತ್ತಿರಲಿಲ್ಲ.

ಅವನು ಹೊರದೇಶಕ್ಕೆ ಹೋಗಿದ್ದು ಗುಂಡ್ಲುಪೇಟೆಯ ಒಬ್ಬ ಏಜೆಂಟನ ಕಡೆಯಿಂದ. ಬೇಕರಿಯ ಮೇಲೆ ಆಫೀಸು. ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗಿದ್ದೆ. ಅಲ್ಲಿ ಬಹಳ ಚಳಿ, ತಡೆಯುತ್ತೀರಾ ಎಂದು ಏಜೆಂಟ್ ಕೇಳಿದ. "ಊಟಿಗೆ ಎರಡ್ ಸಲ ಹೋಗಿದ್ದೀನಿ ಸಾರ್" ಎಂದ ಇವನು. ಏಜೆಂಟ್ ಅದನ್ನು ಬರೆದುಕೊಂಡ.

ದೇಶದ ಹೆಸರು ಬರೆಯುತ್ತಿಲ್ಲ. ಅವ್ವನಿಗೆ ಇವತ್ತಿಗೂ ಆ ಹೆಸರು ಬಾಯಿಗೆ ಬರುವುದಿಲ್ಲ. ಅವಳು ಹೇಳಲಾರದ್ದನ್ನು ನಾನು ಬರೆದು ಆಗಬೇಕಾದ್ದೇನೂ ಇಲ್ಲ.

ಅಲ್ಲಿ ಅವನಿಗೆ ಸಿಕ್ಕಿದ್ದು ಸ್ಮಶಾನದಲ್ಲಿ ಕಲ್ಲು ಕೂರಿಸುವ ಕೆಲಸ. ಇಲ್ಲಿಂದ ಖಾಲಿ ಹೋದ ಕಲ್ಲಿನ ಮೇಲೆ ಅಲ್ಲಿ ಹೆಸರಿನ ಜೊತೆಗೆ ಸತ್ತವರ ಮುಖವನ್ನೂ ಬಿಡಿಸುತ್ತಾರೆ. ಒಂದು ದಿನ ವಿಡಿಯೋ ಕಾಲ್ ಮಾಡಿದ. ಸುತ್ತ ಹಿಮ, ನಡುವೆ ಕರಿಕಲ್ಲಿನ ಸಾಲು, ಸಾಲಿನ ತುಂಬ ಮುಖಗಳು.

"ಇದ್ಯಾರ ಕಲ್ಲು ಗೊತ್ತಾಯ್ತಾ ನೋಡ್ಲಾ."

"ಯಾರ್ದೋ ಮುದುಕಂದು."

"ಮುದುಕನ್ನ ಬುಡ್ಲಾ. ಅಂಚ್ ನೋಡು, ಅಂಚು. ನಿನ್ ಕೈ ಅದು."

ನೋಡಿದೆ. ನನ್ನ ಕೈಯೇ. ಅಂಚನ್ನು ಹಾಗೆ ದುಂಡಗೆ ತಿರುಗಿಸುವವನು ನಮ್ಮಲ್ಲಿ ನಾನೊಬ್ಬನೇ. ಆ ಮುದುಕನ ಫೋಟೋವನ್ನು ಕಾರ್ಖಾನೆಯಲ್ಲಿ ಒಂದು ವಾರ ಎಲ್ಲರಿಗೂ ತೋರಿಸಿದೆ.

ಅವನು ಹೋದ ಮೂರನೇ ವರ್ಷಕ್ಕೆ ಆ ದೇಶದಲ್ಲಿ ಯುದ್ಧ. ಕೆಲಸ ಜಾಸ್ತಿಯಾಯಿತು ಎಂದ. ಸ್ಮಶಾನದ ಕೆಲಸ, ಆಗಲೇಬೇಕು. ಆಮೇಲೆ ಕೆಲಸ ಮಾಡುವವರೇ ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು ಎಂದ. ಇವನ ವೀಸಾ ಮುಗಿಯುತ್ತಾ ಬಂದಿತ್ತು. ಊರಿಗೆ ಹೋಗು, ಇಲ್ಲವೇ ಒಂದು ವರ್ಷ ಸೈನ್ಯದಲ್ಲಿರು, ನಿನ್ನನ್ನು ಈ ದೇಶದವನನ್ನಾಗಿ ಮಾಡಿಕೊಳ್ಳುತ್ತೇವೆ ಎಂದರಂತೆ. ಸಹಿ ಹಾಕಿ ಆದ ಮೇಲೆ ನನಗೆ ಫೋನ್ ಮಾಡಿದ.

"ಕಾಗದದಾಗೆ ಏನ್ ಬರ್ದಿತ್ತು ಅಂತಾದ್ರೂ ಓದ್ದ್ಯಾ?"

"ಮೂರ್ ವರ್ಷದಿಂದ ಅದೇ ಅಕ್ಷರ ಕಲ್ಮ್ಯಾಲೆ ನೋಡ್ತಾವ್ನಿ ಕಣ್ಲಾ."

"ನೋಡೋದಲ್ಲ, ಓದ್ದ್ಯಾ ಅಂದೆ."

"ಹೆಸ್ರು, ಹುಟ್ಟಿದ್ ತಾರೀಖು ಓದಕ್ಕಾಯ್ತದೆ. ಇನ್ನೊಂದ್ ತಾರೀಖು ಇರ್ನಿಲ್ಲ ಬುಡು, ಅಷ್ಟು ಸಾಕು."

ಅವನು ಸೇರಿದ್ದು ಕಾಲಾಳು ಪಡೆಗೆ. ಹದಿನೈದು ದಿನ ಟ್ರೈನಿಂಗ್, ಅದರಲ್ಲಿ ಹತ್ತು ದಿನ ಕಂದಕ ತೋಡುವುದು. "ಗುಂಡಿ ತೋಡೋ ಕೆಲಸ ಬುಟ್ಟು ಎಲ್ಲಿಗೋಗದು ನಾನು. ಅಲ್ಲೂ ಇದೇ, ಇಲ್ಲೂ ಇದೇ" ಎಂದ. ಫೋನ್ ಇಡುವ ಮುಂಚೆ ಒಂದು ಮಾತು ತೆಗೆದುಕೊಂಡ. ಅವ್ವನಿಗೆ ಹೇಳಬಾರದು. ಗೋಡೌನಿನಲ್ಲಿ ವಾಚ್‌ಮನ್ ಕೆಲಸ ಎಂದು ಹೇಳಬೇಕು.

ಹೇಳಿದೆ. ಅವ್ವ ಕೇಳಿದಳು, ಚಳಿಯಲ್ಲಿ ಈಚೆ ನಿಂತಿರಬೇಕಾ? ಇಲ್ಲ ಕಣವ್ವ, ಅವನಿಗೇ ಅಂತ ಒಂದು ರೂಮು ಕೊಟ್ಟವ್ರೆ, ಹೀಟರ್ ಅದೆ, ಬಾಗಿಲು ಭದ್ರವಾಗದೆ ಎಂದೆ. ವಾಚ್‌ಮನ್ ಕೆಲಸ ಅವನು ಹೇಳಿಕೊಟ್ಟಿದ್ದು. ರೂಮು ನಾನು ಸೇರಿಸಿದ್ದು. ಒಂದು ಕೆಲಸ ಕೈಗೆತ್ತಿಕೊಂಡರೆ ಅಂಚು ಸಮೇತ ಮುಗಿಸುವುದು ನನ್ನ ಅಭ್ಯಾಸ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಅವ್ವ ನಮ್ಮ ಮನೆಗೆ ಒಂದು ಬಟ್ಟಲು ಸಾರು ಹಿಡಿದುಕೊಂಡು ಬಂದಳು. ಮುಖ ಬೆಳಗಿತ್ತು.

"ಬೆಳುಗ್ಗೆ ಪೋನ್ ಮಾಡಿದ್ದ ಕಣ್ಲಾ ನಿನ್ ಗೆಳೆಯ. ನಾಕ್ ವರ್ಷಾಯ್ತು, ಅಪ್ಪನ್ಗೆ ಎಡೆ ಇಟ್ಟಿಲ್ಲ ಅಂದ. ಯಾಕ್ಲಾ, ರೂಮ್ ಅದಲ್ಲ ನಿಂಗೆ, ಅದೇನ್ ಸಿಕ್ತದೋ ಅದ್ನೇ ಒಂದ್ ಎಲೆ ಮ್ಯಾಲಿಕ್ಕು, ಬಾಗ್ಲಾಕ್ಕಂಡು ಈಚ್ಗೆ ಬಾ, ಆತುರ ಮಾಡ್ಬ್ಯಾಡ ಅಂದಿವ್ನಿ."

"ಒಳ್ಳೇದ್ ಮಾಡ್ದೆ ಕಣವ್ವ" ಎಂದೆ ನಾನು.

ನಾಲ್ಕನೇ ದಿನ, ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ, ಒಂದು ವಾಯ್ಸ್ ಮೆಸೇಜು ಬಂತು. ಮಲೆಯಾಳ. ಮಾತಾಡುತ್ತಿದ್ದವನು ಕೇರಳದ ಬತ್ತೇರಿಯ ಕಡೆಯವನು, ನನ್ನ ಗೆಳೆಯನ ಜೊತೆ ಒಂದೇ ಗುಂಡಿಯಲ್ಲಿದ್ದವನು. ಶಾಲೆ ಬಿಟ್ಟ ಮೇಲೆ ಮೂರು ವರ್ಷ ನಾನು ಗುಂಡ್ಲುಪೇಟೆಯ ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಗಳಿಗೆ ತರಕಾರಿ ತುಂಬಿದ್ದೇನೆ. ಮಲೆಯಾಳ ಬರುತ್ತದೆ. ಬರದೆ ಇದ್ದಿದ್ದರೆ ಇನ್ನೊಂದು ದಿನ ತಡವಾಗಿ ಗೊತ್ತಾಗುತ್ತಿತ್ತು, ಅಷ್ಟೇ. ಅಮಾವಾಸ್ಯೆಯ ದಿನ ಹೋದ, ದೇಹ ತರುವುದಕ್ಕೆ ಆಗಲಿಲ್ಲ, ಮನೆಯವರಿಗೆ ತಿಳಿಸಿ ಎಂದಿದ್ದ. ಮೂರು ಸಲ ಕೇಳಿದೆ. ಆಮೇಲೆ ಮೆಷಿನ್ನಿನ ಮೇಲಿದ್ದ ಕಲ್ಲನ್ನು ಮುಗಿಸಿದೆ. ಅದೂ ವಾಪಸು ಬಂದಿಲ್ಲ.

ಮಾರನೆಯ ಬೆಳಿಗ್ಗೆ ಅವ್ವನ ಜಗುಲಿಗೆ ಹೋಗಿ ಹೇಳಿದೆ. ಯುದ್ಧದಲ್ಲಿ ತೀರಿಕೊಂಡನಂತೆ ಎಂದೆ.

"ವಾಚ್‌ಮನ್ನು ಯಾಕ್ಲಾ ಯುದ್ದಕ್ಕೋದನು?"

"ವಾಚ್‌ಮನ್ ಅಲ್ಲ ಕಣವ್ವ. ಮಿಲ್ಟ್ರಿಗೆ ಸೇರಿದ್ದ. ನಿಂಗೇಳ್ಬ್ಯಾಡ ಅಂದಿದ್ದ."

ಅವ್ವ ಜಗುಲಿಯಿಂದ ಎದ್ದು ನಿಂತಳು.

"ವಾಚ್‌ಮನ್ ಅಂದವ್ನೂ ನೀನೆ. ಮಿಲ್ಟ್ರಿ ಅನ್ನವ್ನೂ ನೀನೆ. ಹೀಟರ್ ಅದೆ ಅಂದೆ, ಈಗ ಸತ್ತೋದ ಅಂತೀಯೆ. ನಾಳಿಕ್ಕೆ ಬಂದು ಇನ್ನೇನ್ ಹೇಳೀಯೆ?"

ನನ್ನ ಮಾತನ್ನು ನಮ್ಮ ಊರಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಒಂದು ಸಲ ಹೇಳಿದರೆ ಆಯಿತು ಎಂದು ಹೆಸರು. ಆ ಹೆಸರು ಅವತ್ತು ಅವಳ ಜಗುಲಿಯ ಮೇಲೆ ಹೋಯಿತು. ಹೋಗಿದ್ದು ನ್ಯಾಯವಾಗಿಯೇ ಎಂಬುದು ಇನ್ನೂ ಬೇಜಾರು.

ಚಾಮರಾಜನಗರಕ್ಕೆ ಹೋಗಿ ಡಿಸಿ ಆಫೀಸಿನಲ್ಲಿ ಅರ್ಜಿ ಕೊಟ್ಟೆ. ಮಾಹಿತಿ ಬಂದರೆ ತಿಳಿಸುತ್ತೇವೆ ಎಂದರು. ಬರಲಿಲ್ಲ, ತಿಳಿಸಲಿಲ್ಲ. ದೇಹ ಇಲ್ಲ, ಕಾಗದ ಇಲ್ಲ, ಇದ್ದದ್ದು ನನ್ನ ಮಾತೊಂದು. ಅವ್ವ ಮಗನಿಗೆ ಹಾಲುತುಪ್ಪ ಬಿಡಲು ಒಪ್ಪಲಿಲ್ಲ. ಮಣ್ಣು ಮಾಡಿದ ಮೂರನೇ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಟ್ಟರೆ ತಾನೇ ಸತ್ತವನು ಸತ್ತ ಲೆಕ್ಕ? ಬದುಕಿರುವವನಿಗೆ ಬಿಟ್ಟರೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ಸತ್ತವನಿಗೆ ಬಿಡದಿದ್ದರೆ ಅವನು ಹಿರಿಯರ ಜೊತೆ ಸೇರುವುದಿಲ್ಲ, ಎಡೆಗೆ ಬರುವುದಿಲ್ಲ, ಹಸಿದುಕೊಂಡೇ ತಿರುಗುತ್ತಾನೆ. ನನಗೆ ಗೊತ್ತಿದ್ದ ಅವನ ಹಸಿವು ಎರಡು ನಿಮಿಷ ತಡೆಯದ ಹಸಿವು. ಅದೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಕಾರ್ಖಾನೆಯಲ್ಲಿ ಒಂದು ರಿಜೆಕ್ಟ್ ಕಲ್ಲು ಬಿದ್ದಿತ್ತು. ಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ, ಹೊರದೇಶದವರು ತೆಗೆದುಕೊಳ್ಳುವುದಿಲ್ಲ. ಓನರ್‌ನ ಕೇಳಿದೆ, ತಗೊಂಡು ಹೋಗು ಎಂದರು. ಇಪ್ಪತ್ತು ದಿನ ಊಟದ ಹೊತ್ತಿನಲ್ಲಿ ಕೈಯಲ್ಲೇ ಪಾಲಿಶ್ ಮಾಡಿದೆ. ಅಂತಹ ಪಾಲಿಶ್ ನಾನು ಅದರ ಮುಂಚೆ ಮಾಡಿಲ್ಲ, ಆಮೇಲೂ ಮಾಡಿಲ್ಲ. ಟೆಂಪೋದಲ್ಲಿ ತಂದು ಮನೆಯ ಮುಂದೆ ಇಳಿಸುತ್ತಿದ್ದಾಗ ಅವ್ವ ನೋಡಿದಳು.

"ಯಾರ್ಗ್ಲಾ ಅದು?"

ನಾನು ಹಗ್ಗ ಬಿಚ್ಚುತ್ತಲೇ ಇದ್ದೆ. ಅವಳು ಬೀದಿಯ ನಡುವೆ ನಿಂತು, ನನ್ನ ಮಗ ಬದುಕಿದ್ದಂಗೇ ಇವನು ಕಲ್ಲು ಹೊಡೆದು ಮಡಗವ್ನೆ, ಕಣ್ಣು ಬಿಟ್ಟು ನೋಡ್ರಪ್ಪಾ ಎಂದು ಮೂರು ಮನೆಗೆ ಕೇಳುವಂತೆ ಹೇಳಿದಳು. ಹೇಳಿ ಹೋದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಕಲ್ಲನ್ನು ಏನು ಮಾಡುವುದು? ಒಡೆಯಲು ಮನಸ್ಸು ಬರಲಿಲ್ಲ. ನಮ್ಮ ಕಡೆ ರಿಜೆಕ್ಟ್ ಕಲ್ಲು ಇಲ್ಲದ ಮನೆಯೇ ಇಲ್ಲ, ಅಡುಗೆಮನೆಯ ಕಟ್ಟೆ, ಬಾಗಿಲ ಮೆಟ್ಟಿಲು, ಎಮ್ಮೆ ಕಟ್ಟುವ ಕಡೆ ಹಾಸು. ಪಾಲಿಶ್ ಮಾಡಿದ ಮುಖವನ್ನು ಕೆಳಗೆ ಮಾಡಿ, ಮರಳು ಹಾಸಿ, ಬಚ್ಚಲ ಪಕ್ಕ ಬಟ್ಟೆ ಒಗೆಯುವ ಕಲ್ಲು ಮಾಡಿದೆ. ನನ್ನ ಹೆಂಡತಿ ನಾಲ್ಕೈದು ತಿಂಗಳು ಅದರ ಮೇಲೆ ಬಟ್ಟೆ ಒಗೆದಳು. ಒಳ್ಳೆಯ ಕಲ್ಲು ಎಂದಳು.

ಯುಗಾದಿ ಕಳೆದ ಮೇಲೆ ಬತ್ತೇರಿಯವನು ಊರಿಗೆ ಬಂದಿದ್ದೇನೆ ಎಂದು ಫೋನ್ ಮಾಡಿದ. ಎಡಗಾಲು ಮಂಡಿಯ ಕೆಳಗೆ ಇರಲಿಲ್ಲ, ಅದಕ್ಕೇ ಬಿಟ್ಟು ಕಳಿಸಿದ್ದರು. ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದ. ಅಲ್ಲಿಂದ ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು, ಅವನ ಊರುಗೋಲನ್ನು ಪಕ್ಕಕ್ಕೆ ಕಟ್ಟಿ, ಹರದನಹಳ್ಳಿಗೆ ಕರೆತಂದೆ. ದಾರಿಯಲ್ಲಿ ಅವನು ಎಲ್ಲವನ್ನೂ ನನಗೆ ಹೇಳಬಹುದಿತ್ತು. ಗಾಳಿಗೆ ಏನೂ ಕೇಳಿಸುತ್ತಿರಲಿಲ್ಲ. ಆದ್ದರಿಂದ ಅವ್ವ ಕೇಳಿದಾಗಲೇ ನಾನೂ ಕೇಳಿದ್ದು.

ಅವ್ವ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅವನ ಕಾಲನ್ನು ನೋಡಿದಳು.

"ಕೂತ್ಕಪ್ಪ. ಇವ್ನ್ ಬಾಯ್ನಲ್ಲಿ ಬ್ಯಾಡ, ನೀನೇ ಹೇಳು."

ಅವನಿಗೆ ಕನ್ನಡ ಬರುತ್ತಿರಲಿಲ್ಲ. "ಚೇಟ್ಟಾ, ನೀವೇ ಹೇಳಬೇಕು" ಎಂದು ಮಲೆಯಾಳದಲ್ಲಿ ನನಗೆ ಹೇಳಿದ. ಅವ್ವನಿಗೆ ಬೇರೆ ದಾರಿ ಇರಲಿಲ್ಲ.

"ಸರಿ, ಹೇಳು. ಅವ್ನು ಹೇಳ್ದಂಗೇ ಹೇಳು. ನಿಂದು ಸೇರಿಸ್ಬ್ಯಾಡ, ಅವುಂದು ಬುಡ್ಬ್ಯಾಡ."

ಅವನು ಹೇಳುತ್ತಾ ಹೋದ, ನಾನು ಕನ್ನಡ ಮಾಡುತ್ತಾ ಹೋದೆ. ಮರದ ದಿಮ್ಮಿ ಮುಚ್ಚಿದ ಒಂದು ಗುಂಡಿ, ಅದರಲ್ಲಿ ಐದು ಜನ, ಐದು ಜನಕ್ಕೆ ನಾಲ್ಕು ಭಾಷೆ. ನಿಮ್ಮ ಮಗ ಊಟದ ಡಬ್ಬಿಯ ಮುಚ್ಚಳವನ್ನು ಬೂದಿಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದ, ದಿನಾ ಅದರಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಅಲ್ಲಿ ಅವ್ವನ ಕೈ ಒಂದು ಸಲ ನಿಂತಿತು. ಮತ್ತೆ ಬೀಜ ತೆಗೆಯಲು ಹೊರಟಿತು.

ಆಮೇಲೆ ಅವನು ಆ ದಿನದ್ದು ಹೇಳಿದ. ನಿಲ್ಲಿಸದೆ ಬಹಳ ಹೊತ್ತು ಹೇಳಿದ. ಅವನು ಮುಗಿಸಿದ ಮೇಲೆ ನಾನು ಹೇಳಿದ್ದು ಇಷ್ಟು:

"ಬೀಡಿ ಸೇದಕ್ಕೆ ಅಂತ ಗುಂಡಿಯಿಂದ ಈಚ್ಗೆ ಬಂದಿದ್ನಂತೆ. ಮ್ಯಾಲಿಂದ ಬಾಂಬ್ ಬಿತ್ತಂತೆ."

ಅವ್ವ ತಲೆ ಎತ್ತಲಿಲ್ಲ.

"ನನ್ ಮಗ ಬೀಡಿ ಸೇದ್ತಿರ್ನಿಲ್ಲ. ಅವ್ನು ಅಷ್ಟುದ್ದ ಹೇಳ್ದ, ನೀನು ಇಷ್ಟುದ್ದ ಹೇಳ್ದೆ. ಮಿಕ್ಕಿದ್ದೆಲ್ಲಿ?"

ಇನ್ನೊಂದು ಸುಳ್ಳು ಹೇಳಲು ಅವಕಾಶವಿತ್ತು. ಅವಳಿಗೆ ಮಲೆಯಾಳ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ, ನಡುವೆ ಇರುವವನು ನಾನೊಬ್ಬ. ಆದರೆ ಮೊದಲ ಸುಳ್ಳು ಎಲ್ಲಿಗೆ ಹೋಗಿ ನಿಂತಿತ್ತು ಎಂಬುದನ್ನು ಈಗ ತಾನೇ ಕೇಳಿದ್ದೆ. ಹೇಳಿದೆ.

"ಅಪ್ಪನ್ಗೆ ಎಡೆ ಇಟ್ಟಿದ್ದ ಕಣವ್ವ. ಒಂದ್ ರಟ್ಟಿನ್ ಮ್ಯಾಲೆ ಡಬ್ಬದ್ ಬಾಡು, ಬ್ರೆಡ್ಡು, ಇವ್ನತ್ರ ಇಸ್ಕಂಡ ಒಂದ್ ಸಿಗರೇಟು. ಎಲ್ರೂ ಈಚ್ಗೆ ಬನ್ನಿ ಅಂದ್ನಂತೆ. ಅವ್ರು ನಗಾಡುದ್ರಂತೆ. ಈಚ್ಗೋದ್ರೆ ಸಾಯ್ತೀವಿ, ಗೋಡೆ ಕಡೆ ತಿರಿಕ್ಕತೀವಿ ಅಂದ್ರಂತೆ. ನೀವು ತಿರಿಕ್ಕಳಿ, ನಾನು ಮನೆ ಗಂಡ್ಸು, ನಾನು ಇರೋ ಹಂಗಿಲ್ಲ ಅಂತ ಬಾಗ್ಲಿಗೆ ಕಂಬ್ಳಿ ಇಳೆಬುಟ್ಟು, ಈಚ್ಗೋಗಿ ಕೂತ್ನಂತೆ."

ಹುಣಸೆಯ ಬೀಜ ಅವ್ವನ ಬೆರಳಲ್ಲೇ ಉಳಿಯಿತು. ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಬತ್ತೇರಿಯವನು ನನ್ನ ಮುಖವನ್ನೂ ಅವಳ ಮುಖವನ್ನೂ ನೋಡುತ್ತಿದ್ದ.

"ಕೆಮ್ಮಿದ್ನಾ ಕೇಳು" ಎಂದಳು.

ಕೇಳಿದೆ. ಅವನು ಇಲ್ಲ ಎಂದು ತಲೆಯಾಡಿಸಿದ. ಕೆಮ್ಮಿದ ಮೇಲೆ ತಿರುಗಿ ತಿನ್ನಿ ಎಂದು ಹೇಳಿ ಹೋಗಿದ್ದನಂತೆ. ಗೋಡೆಗೆ ಮುಖ ಮಾಡಿ ಕಾಯುತ್ತಿದ್ದರಂತೆ. ಐದು ನಿಮಿಷವೋ ಹತ್ತು ನಿಮಿಷವೋ ಕಾದರಂತೆ. ಕೆಮ್ಮು ಕೇಳಿಸಲಿಲ್ಲ. ಇನ್ನೊಂದು ಕೇಳಿಸಿತು.

"ಈ ಸಲ ಆತುರ ಮಾಡ್ನಿಲ್ಲ" ಎಂದಳು ಅವ್ವ.

ಬೆರಳಲ್ಲಿದ್ದ ಬೀಜವನ್ನು ಪಕ್ಕಕ್ಕೆ ಹಾಕಿ ಇನ್ನೊಂದು ಕೇಳಿದಳು.

"ಎಡೆ ಏನಾಯ್ತು?"

ಇದನ್ನು ಕನ್ನಡದಿಂದ ಮಲೆಯಾಳ ಮಾಡಿದಾಗ ಬತ್ತೇರಿಯವನು ತಲೆ ತಗ್ಗಿಸಿದ. ಎರಡು ದಿನ ಈಚೆ ಹೋಗಲು ಆಗಲಿಲ್ಲ, ಒಳಗೆ ಬೇರೆ ಏನೂ ಇರಲಿಲ್ಲ, ನಾನೇ ತಿಂದೆ, ತಪ್ಪಾಯಿತು ಎಂದ.

"ತಪ್ಯಾಕೆ? ಒಳ್ಳೇದ್ ಮಾಡ್ದೆ ಅನ್ನು. ಇಟ್ಟ ಎಡೆನ ಯಾರಾದ್ರೂವ ಉಣ್ಬೇಕು. ಇವತ್ತೂ ಉಂಡ್ಕಂಡು ಓಗ್ಬೇಕು ಅನ್ನು."

ಅವನಿಗೆ ಮುದ್ದೆ ಅಭ್ಯಾಸವಿಲ್ಲ ಎಂದು ಅನ್ನ ಮಾಡಿದಳು. ಅವನು ಊಟ ಮಾಡುತ್ತಿದ್ದಾಗ, ಅವನ ಕಡೆಗೇ ನೋಡುತ್ತಾ ನನಗೆ ಹೇಳಿದಳು.

"ರೂಮ್ ಕೊಟ್ಟವ್ನು ನೀನು."

"ಊಂ ಕಣವ್ವ."

"ಎಡೆ ಇಡು ಅಂದವ್ಳು ನಾನು."

ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು, ಇವತ್ತಿನವರೆಗೂ ಮತ್ತೆ ಎತ್ತಿಲ್ಲ. ಅವನಿಗೆ ಇನ್ನೊಂದು ಸೌಟು ಸಾರು ಹಾಕಿ, "ಆ ಕಲ್ಲು ಎಲ್ಲದೆ?" ಎಂದಳು.

ನಮ್ಮ ಹಿತ್ತಿಲಿಗೆ ಬಂದಳು. ನಾನೂ ಪಕ್ಕದ ಮನೆಯ ಇಬ್ಬರೂ ಹಾರೆ ಹಾಕಿ ಕಲ್ಲನ್ನು ಮಗುಚಿದೆವು. ಮರಳು ಒರೆಸಿ ಒಂದು ಕೊಡ ನೀರು ಹುಯ್ದೆ. ಒಂದು ಗೀರೂ ಇರಲಿಲ್ಲ. ಮೇಲಿದ್ದ ತೆಂಗಿನ ಗರಿಗಳು ಒಂದೊಂದೂ ಬೇರೆ ಬೇರೆಯಾಗಿ ಕಂಡವು. ಬಟ್ಟೆ ಒಗೆಯುವುದೆಲ್ಲಿ ಎಂದು ನನ್ನ ಹೆಂಡತಿ ಕೇಳಿದಳು. ಅವ್ವ ಬಗ್ಗಿ ನೋಡಿದಳು. ಅವಳ ಮುಖ ಅದರಲ್ಲಿ ಕಂಡಿತು. ಸೆರಗಿನಿಂದ ಹಣೆ ಒರೆಸಿಕೊಂಡಳು.

"ಹೆಸ್ರು ಹೊಡ್ದಿಲ್ವಲ್ಲ."

"ನಾವು ಹೊಡಿಯಲ್ಲ ಕಣವ್ವ. ಖಾಲಿ ಕಳಿಸ್ತೀವಿ. ಬೇಕಂದ್ರ ಪ್ಯಾಟೇಲಿ ಹೊಡಿಸ್ತೀನಿ."

"ಬ್ಯಾಡ ಬುಡು. ಇಲ್ಲಿ ಅವ್ನ ಗೊತ್ತಿಲ್ದೋರು ಯಾರವ್ರೆ?"

ಅವನ ಅಪ್ಪನ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿದೆವು. ಕಾರ್ಖಾನೆಯ ಲಾಕರಿನಲ್ಲಿ ಅವನು ಬಿಟ್ಟುಹೋಗಿದ್ದ ಗಮ್‌ಬೂಟು, ಒಂದು ಅಂಗಿ, ಹಲ್ಲು ಮುರಿದ ಬಾಚಣಿಗೆ ಇಷ್ಟನ್ನು ಹೂಳಿದೆವು. ಮೂರನೇ ದಿನ ಅವ್ವ ಹಾಲುತುಪ್ಪ ಬಿಟ್ಟಳು. ಕಲ್ಲನ್ನು ನಾನೇ ಕೂರಿಸಿದೆ. ಅಷ್ಟು ವರ್ಷ ಕಲ್ಲು ಮಾಡಿದ್ದೆ, ಕೂರಿಸಿದ್ದು ಅದೇ ಮೊದಲು. ಅವನಿಗಾಗಿದ್ದರೆ ಅಭ್ಯಾಸ ಇತ್ತು. ನನ್ನದು ಸ್ವಲ್ಪ ಎಡಕ್ಕೆ ವಾಲಿದೆ.

ಮುಂದಿನ ಮಹಾಲಯ ಅಮಾವಾಸ್ಯೆಗೆ ಅವ್ವ ನಮ್ಮನ್ನು ಕರೆದಳು. ಈ ಸಲ ಎರಡು ಎಲೆ, ಅಪ್ಪನದು ಮತ್ತು ಮಗನದು. ಮಗನ ಎಲೆಗೆ ಮುದ್ದೆ, ತಲೆಮಾಂಸದ ಸಾರು, ನಾಲ್ಕು ವಡೆ, ಒಂದು ಹೊಸ ಬಾಚಣಿಗೆ. ದೀಪ ಹಚ್ಚಿ, ನಾವೆಲ್ಲ ಈಚೆ ಬಂದು ಬಾಗಿಲು ಮುಚ್ಚಿದೆವು. ಹತ್ತು ನಿಮಿಷ ಆಯಿತು. ಕಾಲು ಗಂಟೆ ಆಯಿತು. ಸಾರಿನ ವಾಸನೆ ಬರುತ್ತಿತ್ತು. ಬಾಗಿಲು ತೆಗೆಯೋಣವೇ ಎಂದು ನನ್ನ ಹೆಂಡತಿ ಎದ್ದಳು.

"ಕೂತ್ಕೊಳಮ್ಮಿ" ಎಂದಳು ಅವ್ವ. "ಅವ್ನು ದೂರದಿಂದ ಬರ್ಬೇಕು."

ಕುಳಿತೆವು. ಆ ಮನೆಗೆ ಈಗ ಗಂಡಸಿಲ್ಲ. ಯಾರು ಕೆಮ್ಮಬೇಕು ಎಂದು ನಾನು ಕೇಳಲಿಲ್ಲ. ಮುಕ್ಕಾಲು ಗಂಟೆ ಆಗಿರಬೇಕು, ಸಾರು ತಣ್ಣಗಾಗಿರಬೇಕು. ಅವ್ವ ನನ್ನ ಕಡೆ ತಿರುಗಿದಳು.

"ಈಗ ಕೆಮ್ಮಪ್ಪ."

ಕೆಮ್ಮಿದೆ.